ಹಳೆಯ ನಾಣ್ಯದ ರೋಲ್ ಸಿಕ್ಕಿದೆಯಾ? ಬಿಚ್ಚುವ ಮುಂಚೆ ತೂಗಿ ನೋಡಿ

2025ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿಗಳನ್ನು, ಅಂದರೆ ಒಂದು ಸೆಂಟ್ ನಾಣ್ಯಗಳನ್ನು, ಅಚ್ಚು ಹಾಕಿದರು. ಆವತ್ತಿನಿಂದ ಅಮೆರಿಕದಲ್ಲಿರುವ ನಮ್ಮವರು ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ. "ಮನೆಯಲ್ಲಿ ಹಳೆಯ ಪೆನ್ನಿ ರೋಲ್ ಇದೆ, ಎಷ್ಟು ಬಾಳುತ್ತದೆ?" ಕೆಲವರಿಗೆ ಅದು ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ ಸಿಕ್ಕಿದೆ. ಕೆಲವರು ಎಸ್ಟೇಟ್ ಸೇಲ್‌ನಲ್ಲಿ, ಅಂದರೆ ತೀರಿಕೊಂಡವರ ಮನೆಯ ಸಾಮಾನು ಮಾರುವ ಜಾಗದಲ್ಲಿ, ಡಬ್ಬಿ ಸಮೇತ ಕೊಂಡಿದ್ದಾರೆ. ಇನ್ನು ಕೆಲವರು ಆನ್‌ಲೈನ್‌ನಲ್ಲಿ "ಇದನ್ನು ಯಾರೂ ಬಿಚ್ಚಿ ನೋಡಿಲ್ಲ" ಅನ್ನುವ ಮಾತು ನಂಬಿ ಜಾಸ್ತಿ ದುಡ್ಡು ಕೊಟ್ಟಿದ್ದಾರೆ. ಈ ಬರಹ ಮೂರೂ ಜನಕ್ಕೆ. ಆದರೆ ಮೂರನೆಯವರು ಇನ್ನೊಂದು ರೋಲ್ ಕೊಳ್ಳುವ ಮುಂಚೆ ದಯವಿಟ್ಟು ಪೂರ್ತಿ ಓದಿ.

ಊರಿನಲ್ಲಿ ನಾವು ಚಿಲ್ಲರೆಯನ್ನು ಚೀಲದಲ್ಲೋ ಪ್ಲಾಸ್ಟಿಕ್ ಪೊಟ್ಟಣದಲ್ಲೋ ನೋಡಿದವರು. ಅಮೆರಿಕದ ಬ್ಯಾಂಕುಗಳಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಕಾಗದ ಸುತ್ತುತ್ತಾರೆ. ಅದೇ ರೋಲ್. ಯಾವ ರೋಲ್‌ನಲ್ಲಿ ಎಷ್ಟು ನಾಣ್ಯ ಅನ್ನುವುದು ಖಚಿತ. ಪೆನ್ನಿ 50 ಇರುತ್ತವೆ. ನಿಕಲ್, ಅಂದರೆ 5 ಸೆಂಟ್, 40. ಡೈಮ್, ಅಂದರೆ 10 ಸೆಂಟ್, 50. ಕ್ವಾರ್ಟರ್, ಅಂದರೆ 25 ಸೆಂಟ್, 40. ಅರ್ಧ ಡಾಲರ್ 20. ಹಳೆಯ ದೊಡ್ಡ ಬೆಳ್ಳಿ ಡಾಲರ್ ಕೂಡ 20. ಈ ಲೆಕ್ಕ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. 0.1 ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಸಾಕು, 0.01 ಗ್ರಾಂ ತೋರಿಸುವುದಿದ್ದರೆ ಇನ್ನೂ ಒಳ್ಳೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಚಿಕ್ಕ ಅಯಸ್ಕಾಂತ, ಸೆಂಟಿಮೀಟರ್ ಪಟ್ಟಿ, ಹತ್ತಿಯ ಕೈಗವಸು, ಮೆತ್ತನೆಯ ಬಟ್ಟೆ, ಒಂದು ಒಳ್ಳೆಯ ಟೇಬಲ್ ಲ್ಯಾಂಪ್. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಹುಣಸೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಮಾತ್ರ ಆ ಮೇಜಿನ ಹತ್ತಿರವೂ ಬರಬಾರದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಯಾವ ಥರದ ರೋಲ್ ಅಂತ ಗುರುತಿಸಿ

ಮೊದಲು ಎರಡೂ ತುದಿ ಮತ್ತು ಕಾಗದದ ಮೇಲಿನ ಬರಹ ಕಾಣುವ ಹಾಗೆ ಫೋಟೋ ತೆಗೆಯಿರಿ. ಒಮ್ಮೆ ಬಿಚ್ಚಿದರೆ ಈ ಸಾಕ್ಷಿ ಮತ್ತೆ ಸಿಗುವುದಿಲ್ಲ.

ತುದಿಗಳು ಬಿಗಿಯಾಗಿ ಒಳಕ್ಕೆ ಸುರುಳಿ ಸುತ್ತಿದ್ದು, ನಡುವೆ ದುಂಡಗೆ ನಾಣ್ಯ ಕಾಣುತ್ತಿದ್ದರೆ ಅದು ಯಂತ್ರ ಸುತ್ತಿದ ರೋಲ್. ಬಂದೂಕಿನ ತೋಟಾದ ತುದಿಯ ಹಾಗೆ ಕಾಣುವುದರಿಂದ ಸಂಗ್ರಾಹಕರು ಇದನ್ನು ಶಾಟ್‌ಗನ್ ರೋಲ್ ಅನ್ನುತ್ತಾರೆ. ಟಂಕಸಾಲೆಯಿಂದ ಕ್ಯಾನ್ವಾಸ್ ಚೀಲದಲ್ಲಿ ಬಂದ ಹೊಸ ನಾಣ್ಯವನ್ನು ಹೀಗೆ ಸುತ್ತಿದ್ದು, ಆಮೇಲೆ ಯಾರೂ ಬಿಚ್ಚದೆ ಉಳಿದಿದ್ದರೆ ಅದನ್ನು ಓಬಿಡಬ್ಲ್ಯೂ ಅಂತ ಕರೆಯುತ್ತಾರೆ. ಮೂಲ ಬ್ಯಾಂಕ್ ಸುತ್ತಿದ್ದೇ ಹಾಗೇ ಇದೆ ಅಂತ ಅರ್ಥ. ಬೆಲೆ ಇರುವುದು ಇಂಥದ್ದಕ್ಕೆ.

ಚಪ್ಪಟೆ ಕಾಗದದ ಕೊಳವೆಯಲ್ಲಿ ತುಂಬಿ ತುದಿಯನ್ನು ಕೈಯಲ್ಲಿ ಮಡಚಿದ್ದರೆ ಅದು ಮನೆಯಲ್ಲೋ ಅಂಗಡಿಯಲ್ಲೋ ಸುತ್ತಿದ್ದು. ಇದರಲ್ಲಿ ಎಲ್ಲ ಕಾಲದ ನಾಣ್ಯವೂ ಬೆರೆತಿರುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿದ್ದರೆ ಯಾರೋ ಸಂಗ್ರಾಹಕರು ಆಗಲೇ ಒಂದೊಂದನ್ನೂ ನೋಡಿ ಇಟ್ಟಿದ್ದಾರೆ ಅಂತ ಲೆಕ್ಕ. ನಾಲ್ಕನೆಯದು, ಟಂಕಸಾಲೆಯೇ ತನ್ನ ಹೆಸರು ಹಾಕಿ ಸಂಗ್ರಾಹಕರಿಗೆ ಮಾರಿದ ರೋಲ್. 1999ರಿಂದ 2008ರವರೆಗೆ ಬಂದ ರಾಜ್ಯಗಳ ಕ್ವಾರ್ಟರ್ ರೋಲ್‌ಗಳು ಹೀಗೆ ಬಹಳ ಮನೆಗಳಲ್ಲಿವೆ. ಆ ಕಾಲದಲ್ಲಿ ಇಲ್ಲಿಗೆ ಬಂದ ನಮ್ಮವರೂ ಎಷ್ಟೋ ಜನ ಮಕ್ಕಳ ಜೊತೆ ಕೂತು ಐವತ್ತು ರಾಜ್ಯದ ನಾಣ್ಯ ಕೂಡಿಸಿದ್ದಾರೆ. ಬೇಜಾರಾದರೂ ಹೇಳಲೇಬೇಕು, ಅವು ಈಗಲೂ ಹೆಚ್ಚುಕಮ್ಮಿ ಮುಖಬೆಲೆಗೇ ನಿಂತಿವೆ. ನೋಡಲೇಬೇಕಾದದ್ದು ಡೆನ್ವರ್‌ನಲ್ಲಿ ಅಚ್ಚಾದ 2004ರ ವಿಸ್ಕಾನ್ಸಿನ್ ಕ್ವಾರ್ಟರ್. ಅದರ ಕೆಲವು ನಾಣ್ಯಗಳಲ್ಲಿ ಜೋಳದ ತೆನೆಗೆ ಒಂದು ಎಲೆ ಹೆಚ್ಚಿಗೆ ಇದೆ. ಅದಕ್ಕೆ ಬೇಡಿಕೆ ಇದೆ.

ಹಂತ 2: ಕಾಗದ ಓದಿ

ಕಾಗದದ ಮೇಲೆ ಬ್ಯಾಂಕಿನ ಹೆಸರು, ಊರು ಅಚ್ಚಾಗಿರಬಹುದು. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದೆಯಾ ನೋಡಿ. ಜಿಪ್ ಕೋಡ್ ಶುರುವಾಗಿದ್ದೇ 1963ರ ಜುಲೈನಲ್ಲಿ. ಹಾಗಾಗಿ "1940ರ ದಶಕದಲ್ಲಿ ಸುತ್ತಿದ ರೋಲ್" ಅಂತ ಯಾರಾದರೂ ಹೇಳಿ, ಕಾಗದದಲ್ಲಿ ಜಿಪ್ ಕೋಡ್ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಬಾರ್‌ಕೋಡ್ ಅಥವಾ ವೆಬ್‌ಸೈಟ್ ವಿಳಾಸ ಇದ್ದರಂತೂ ಕೇಳುವುದೇ ಬೇಡ.

ಅತಿನೇರಳೆ ಟಾರ್ಚ್ ಹಿಡಿದು ನೋಡಿ. ಕಾಗದ ಬಿಳಿಯಾಗಿ ಕಾಣಲಿ ಅಂತ ಈಗ ಸೇರಿಸುವ ರಾಸಾಯನಿಕ ನೀಲಿಯಾಗಿ ಹೊಳೆಯುತ್ತದೆ. 1950ರ ಸುಮಾರಿಗಿಂತ ಹಿಂದಿನ ಕಾಗದ ಸಾಮಾನ್ಯವಾಗಿ ಹೀಗೆ ಹೊಳೆಯುವುದಿಲ್ಲ. ಆದರೆ ಇದು ಒಂದೇ ದಿಕ್ಕಿಗೆ ಕೆಲಸ ಮಾಡುವ ಪರೀಕ್ಷೆ. ಹೊಳೆದರೆ ಕಾಗದ ತೀರಾ ಹಳೆಯದಲ್ಲ ಅಂತ ಗೊತ್ತಾಗುತ್ತದೆ. ಹೊಳೆಯದಿದ್ದರೆ ಕಾಗದ ಹಳೆಯದಿರಬಹುದು, ನಾಣ್ಯವನ್ನು ನಿನ್ನೆ ತುಂಬಿದ್ದೂ ಇರಬಹುದು. ಯಾಕೆಂದರೆ ಹಳೆಯ ಬ್ಯಾಂಕುಗಳ ಖಾಲಿ ಕಾಗದಗಳೇ ಮಾರಾಟಕ್ಕೆ ಸಿಗುತ್ತವೆ, ತುದಿ ಮಡಚುವ ಯಂತ್ರವೂ ಸಿಗುತ್ತದೆ.

ಬಣ್ಣವೂ ಒಂದು ಸುಳಿವು. ಅಮೆರಿಕದ ಬ್ಯಾಂಕುಗಳ ರೂಢಿಯಲ್ಲಿ ಪೆನ್ನಿಗೆ ಕೆಂಪು, ನಿಕಲ್‌ಗೆ ನೀಲಿ, ಡೈಮ್‌ಗೆ ಹಸಿರು, ಕ್ವಾರ್ಟರ್‌ಗೆ ಕಿತ್ತಳೆ ಗುರುತು. ಬಣ್ಣಕ್ಕೂ ಒಳಗಿನ ನಾಣ್ಯಕ್ಕೂ ತಾಳೆಯಾಗದಿದ್ದರೆ ಯಾರೋ ಕೈಯಾಡಿಸಿರಬಹುದು.

ಹಂತ 3: ತೂಗಿ

ಈ ಹಂತವನ್ನು ಯಾರೂ ಬಿಡಬೇಡಿ. ರೋಲ್ ಬಿಚ್ಚದೆ, ಕಾಗದ ಹರಿಯದೆ, ಒಳಗಿನ ಲೋಹ ಯಾವುದು ಅಂತ ತಕ್ಕಡಿ ಹೇಳಿಬಿಡುತ್ತದೆ.

ಪೆನ್ನಿಯಿಂದ ಶುರು ಮಾಡೋಣ. 1982ರ ಹಿಂದಿನ ಪೆನ್ನಿಯಲ್ಲಿ ನೂರಕ್ಕೆ 95 ಭಾಗ ತಾಮ್ರ ಇದೆ, ಒಂದರ ತೂಕ 3.11 ಗ್ರಾಂ. 1982ರ ನಡುವೆ ಇದನ್ನು ಬದಲಿಸಿ, ಸತುವಿನ ಮೇಲೆ ತೆಳ್ಳಗೆ ತಾಮ್ರ ಲೇಪಿಸತೊಡಗಿದರು. ಅದು 2.5 ಗ್ರಾಂ. ಅಂದರೆ 50 ಪೆನ್ನಿಯ ರೋಲ್ ಪೂರ್ತಿ ತಾಮ್ರದ್ದಾದರೆ 155.5 ಗ್ರಾಂ, ಪೂರ್ತಿ ಸತುವಿನದ್ದಾದರೆ 125 ಗ್ರಾಂ. ನಡುವೆ ಬಂದರೆ? 125ಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅದನ್ನು 0.61ರಿಂದ ಭಾಗಿಸಿ. 140 ಗ್ರಾಂ ಬಂತು ಅಂದುಕೊಳ್ಳಿ. 15ನ್ನು 0.61ರಿಂದ ಭಾಗಿಸಿದರೆ ಸುಮಾರು 25. ಒಳಗೆ ಅರ್ಧದಷ್ಟು ಹಳೆಯ ಪೆನ್ನಿ ಇವೆ. ಇನ್ನೊಂದು ವಿಶೇಷ, 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಪೆನ್ನಿಯನ್ನು ಉಕ್ಕಿನಲ್ಲಿ ಮಾಡಿದರು. ಅದು 2.7 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ. ಪೂರ್ತಿ ರೋಲ್ 135 ಗ್ರಾಂ ಆಸುಪಾಸು ತೂಗಿ ಅಯಸ್ಕಾಂತ ಎಳೆದರೆ ಉಕ್ಕಿನ ಪೆನ್ನಿ ಅಂತ ತಿಳಿಯಿರಿ.

ಈಗ ಬೆಳ್ಳಿ. 1964ರವರೆಗಿನ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ 90 ಭಾಗ ಬೆಳ್ಳಿ ಇತ್ತು. 1965ರ ಕಾನೂನು ಡೈಮ್ ಮತ್ತು ಕ್ವಾರ್ಟರ್‌ನಿಂದ ಬೆಳ್ಳಿ ತೆಗೆದು, ತಾಮ್ರದ ಎರಡೂ ಬದಿಗೆ ತಾಮ್ರ-ನಿಕಲ್ ಪದರ ಅಂಟಿಸಿದ ಲೋಹ ತಂದಿತು. ಇದಕ್ಕೆ ಕ್ಲ್ಯಾಡ್ ಅನ್ನುತ್ತಾರೆ. ಅರ್ಧ ಡಾಲರ್‌ನಲ್ಲಿ ಮಾತ್ರ 1965ರಿಂದ 1970ರವರೆಗೆ 40 ಭಾಗ ಬೆಳ್ಳಿ ಉಳಿಯಿತು. ತೂಕ ಹೀಗೆ:

ಡೈಮ್ ರೋಲ್: ಬೆಳ್ಳಿ 125 ಗ್ರಾಂ, ಕ್ಲ್ಯಾಡ್ 113.4 ಗ್ರಾಂ.
ಕ್ವಾರ್ಟರ್ ರೋಲ್: ಬೆಳ್ಳಿ 250 ಗ್ರಾಂ, ಕ್ಲ್ಯಾಡ್ 226.8 ಗ್ರಾಂ.
ಅರ್ಧ ಡಾಲರ್ ರೋಲ್: 90 ಭಾಗ ಬೆಳ್ಳಿ 250 ಗ್ರಾಂ, 40 ಭಾಗ ಬೆಳ್ಳಿ 230 ಗ್ರಾಂ, ಕ್ಲ್ಯಾಡ್ 226.8 ಗ್ರಾಂ.
ದೊಡ್ಡ ಬೆಳ್ಳಿ ಡಾಲರ್ ರೋಲ್: 534.6 ಗ್ರಾಂ.

ಕಾಗದದ ತೂಕ ಇದರ ಮೇಲೆ ಸೇರುತ್ತದೆ. ಅಂಥದ್ದೇ ಖಾಲಿ ಕಾಗದ ಒಂದನ್ನು ತೂಗಿ ಕಳೆಯಿರಿ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುತ್ತದೆ, ಹಾಗಾಗಿ 250ರ ಬದಲು 245 ಬಂದರೆ ಗಾಬರಿ ಬೇಡ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ನಿಕಲ್. ಯುದ್ಧದ ಸಮಯದಲ್ಲಿ, 1942ರ ಕೊನೆಯಿಂದ 1945ರವರೆಗೆ, ನಿಕಲ್ ನಾಣ್ಯದಲ್ಲಿ 35 ಭಾಗ ಬೆಳ್ಳಿ ಹಾಕಿದ್ದರು. ಆದರೆ ತೂಕ ಮಾತ್ರ ಹಿಂದಿನ ಹಾಗೇ 5 ಗ್ರಾಂ. ಹೊಸದು, ಹಳೆಯದು, ಬೆಳ್ಳಿಯದು ಎಲ್ಲ ರೋಲ್‌ಗಳೂ 200 ಗ್ರಾಂ. ತಕ್ಕಡಿ ಇಲ್ಲಿ ಸೋಲುತ್ತದೆ, ಕಣ್ಣಿನಿಂದಲೇ ನೋಡಬೇಕು. ಎರಡನೆಯದು ಎಣಿಕೆ. 40ರ ಜಾಗದಲ್ಲಿ 39 ಇದ್ದರೆ ತೂಕದ ಲೆಕ್ಕ ಪೂರ್ತಿ ತಪ್ಪುತ್ತದೆ. ಅದಕ್ಕೇ ಪಟ್ಟಿಯಿಂದ ಉದ್ದ ಅಳೆಯಿರಿ. ಪೆನ್ನಿ ರೋಲ್ ಸುಮಾರು 76 ಮಿಲಿಮೀಟರ್, ನಿಕಲ್ 78, ಡೈಮ್ 67, ಕ್ವಾರ್ಟರ್ 70, ಅರ್ಧ ಡಾಲರ್ 43. ಮೂರನೆಯದು, ಕ್ಲ್ಯಾಡ್ ರೋಲ್‌ನಲ್ಲಿ ಒಂದೋ ಎರಡೋ ಬೆಳ್ಳಿ ನಾಣ್ಯ ಸೇರಿದ್ದರೆ ತೂಕದಲ್ಲಿ ಗೊತ್ತೇ ಆಗುವುದಿಲ್ಲ. ಒಂದು ಬೆಳ್ಳಿ ಕ್ವಾರ್ಟರ್‌ನಿಂದ ಹೆಚ್ಚುವುದು ಬರೀ 0.58 ಗ್ರಾಂ.

ಹಂತ 4: ತುದಿಯ ನಾಣ್ಯ ನೋಡಿ, ಆದರೆ ಅದನ್ನೇ ನಂಬಬೇಡಿ

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆನ್‌ಲೈನ್ ಹರಾಜಿನಲ್ಲಿ ಒಂದು ಥರದ ರೋಲ್ ಯಾವಾಗಲೂ ಕಾಣುತ್ತದೆ. ಹಳೆಯ ಬ್ಯಾಂಕಿನ ಕಾಗದ, ಬಿಗಿಯಾದ ತುದಿ. ಒಂದು ಕಡೆ ಇಂಡಿಯನ್ ಹೆಡ್ ಪೆನ್ನಿ ಕಾಣುತ್ತದೆ. 1859ರಿಂದ 1909ರವರೆಗೆ ಬಂದ, ಗರಿಯ ಕಿರೀಟ ತೊಟ್ಟ ತಲೆಯ ನಾಣ್ಯ ಅದು. ಇನ್ನೊಂದು ಕಡೆ ಬೆಳ್ಳಿಯ ಮರ್ಕ್ಯುರಿ ಡೈಮ್, ಅಂದರೆ ರೆಕ್ಕೆಯ ಟೋಪಿ ತೊಟ್ಟ ತಲೆಯ ಹಳೆಯ 10 ಸೆಂಟ್. ತುದಿಯಲ್ಲೇ ಇಂಥದ್ದಿದ್ದರೆ ಒಳಗೆ ಇನ್ನೇನಿರಬಹುದು ಅಂತ ಆಸೆ ಹುಟ್ಟುತ್ತದೆ, ಅಲ್ವಾ? ಆ ಆಸೆಗೇ ಬೆಲೆ ಕಟ್ಟುತ್ತಾರೆ. ನಾನೂ ಶುರುವಿನಲ್ಲಿ ಇಂಥದ್ದೊಂದು ಕೊಂಡೆ. ತುದಿಯ ಒಂದು ಇಂಡಿಯನ್ ಹೆಡ್ ಬಿಟ್ಟರೆ ಉಳಿದ 49 ಪೆನ್ನಿ 1940, 50ರ ದಶಕದ ಸವೆದ, ಎಲ್ಲೆಲ್ಲೂ ಸಿಗುವ ನಾಣ್ಯ.

ಸುಮ್ನೆ ಯೋಚಿಸಿ ನೋಡಿ. ಡೈಮ್‌ನ ಅಗಲ 17.9 ಮಿಲಿಮೀಟರ್, ಪೆನ್ನಿಯದ್ದು 19. ಬ್ಯಾಂಕಿನ ಯಂತ್ರದಲ್ಲಿ ಪೆನ್ನಿಗಳ ನಡುವೆ ಡೈಮ್ ಸೇರುವುದೇ ಅಪರೂಪ. ಸೇರಿದರೂ ಸರಿಯಾಗಿ ತುದಿಗೇ, ಕಾಣುವ ಹಾಗೇ ಬಂದು ಕೂರುತ್ತದಾ? ಎರಡು ಬೇರೆ ಬೇರೆ ಕಾಲದ, ಬೆಲೆಯುಳ್ಳ ನಾಣ್ಯ ಎರಡು ತುದಿಯಲ್ಲಿ ಕಂಡರೆ ಅದನ್ನು ಯಾರೋ ಬೇಕಂತಲೇ ಜೋಡಿಸಿದ್ದಾರೆ.

ನಿಜವಾದ ಓಬಿಡಬ್ಲ್ಯೂ ರೋಲ್‌ನಲ್ಲಿ ಹೊಸ ನಾಣ್ಯವೇ ಇರುವುದರಿಂದ ಎರಡೂ ತುದಿಯಲ್ಲಿ ಸವೆತ ಇರಬಾರದು, ಇಸವಿ ಕಂಡರೆ ಎರಡೂ ಕಡೆ ಒಂದೇ ಇರಬೇಕು. ಗಾಳಿಗೆ ತೆರೆದ ಭಾಗ ಮತ್ತು ಕಾಗದ ಮುಚ್ಚಿದ ಭಾಗ ಬೇರೆ ಬೇರೆ ಬಣ್ಣಕ್ಕೆ ತಿರುಗಿರಬೇಕು. ಹಳೆಯ ಕಾಗದದಲ್ಲಿರುವ ಗಂಧಕದಿಂದ ವರ್ಷಗಟ್ಟಲೆ ನಿಧಾನವಾಗಿ ಹೀಗಾಗುತ್ತದೆ. ಇದಕ್ಕೆ ಟೋನಿಂಗ್ ಅನ್ನುತ್ತಾರೆ. ಕಾಗದವನ್ನು ನಿಜವಾಗಲೂ ಎಷ್ಟೋ ವರ್ಷದಿಂದ ಬಿಚ್ಚಿಲ್ಲ ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಗುರುತು ಇದೇ. ಬೆಳ್ಳಿಯಲ್ಲಿ ಇದು ಕೆಲವೊಮ್ಮೆ ನೀಲಿ, ಕೇಸರಿ ಬಣ್ಣಕ್ಕೆ ತಿರುಗಿ ಬಹಳ ಚೆಂದ ಕಾಣುತ್ತದೆ. ಅದಕ್ಕೆ ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ಕಾಗದ ತೀರಾ ಹಳೆಯದು, ತುದಿಯ ನಾಣ್ಯ ಮಾತ್ರ ಪೂರ್ತಿ ಒಂದೇ ಬಣ್ಣ ಅಂದರೆ ಅನುಮಾನ ಪಡಿ.

ಬೆಳ್ಳಿ ಡಾಲರ್ ರೋಲ್‌ಗೆ ಇನ್ನಷ್ಟು ಎಚ್ಚರ ಬೇಕು. ಎರಡು ತುದಿಯಲ್ಲಿ ಅಸಲಿ, ಒಳಗೆ ನಕಲಿ ಇಡುವುದು ಸುಲಭ. ಮೋರ್ಗನ್ ಅನ್ನುವ ಹಳೆಯ ಬೆಳ್ಳಿ ಡಾಲರ್‌ನ ನಕಲಿಗಳು ಬೇಕಾದಷ್ಟಿವೆ. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಒಂದೊಂದೂ 26.73 ಗ್ರಾಂ, 38.1 ಮಿಲಿಮೀಟರ್ ಇರಬೇಕು. ಬಿಚ್ಚಿ ನೋಡಲು ಬಿಡದವರ ಹತ್ತಿರ ಡಾಲರ್ ರೋಲ್ ಕೊಳ್ಳಲೇಬೇಡಿ.

ಹಂತ 5: ಬಿಚ್ಚಬೇಕಾ, ಬೇಡವಾ?

ಮಿಶ್ರ ರೋಲ್, ಕೈಯಲ್ಲಿ ಸುತ್ತಿದ್ದು, ಸವೆದ ನಾಣ್ಯದ್ದು: ಧೈರ್ಯವಾಗಿ ಬಿಚ್ಚಿ. ಕಳೆದುಕೊಳ್ಳುವುದು ಏನೂ ಇಲ್ಲ.

ನಿಜವಾದ ಓಬಿಡಬ್ಲ್ಯೂ ಅನ್ನಿಸಿದರೆ ತಡೆಯಿರಿ. ಬಿಚ್ಚದ ಮೂಲ ರೋಲ್‌ಗೆ, ಒಳಗೆ ಅದೇ ನಾಣ್ಯಗಳೇ ಇದ್ದರೂ, ಸ್ವಲ್ಪ ಹೆಚ್ಚಿನ ಬೆಲೆ ಸಿಗುತ್ತದೆ. ಮೊದಲು ಒಬ್ಬ ಅನುಭವಿ ಡೀಲರ್‌ಗೆ ತೋರಿಸಿ. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಹಿರಿಯರು ಇಂಥ ಬ್ಯಾಂಕಿನಿಂದ ಇಂಥ ವರ್ಷ ತಂದದ್ದು ಅಂತ ಗೊತ್ತಿರುವ ರೋಲ್ ಆದರೆ ಹಾಗೇ ಇಡಿ, ಆ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ರೋಲ್ ಆದರೆ ಬಿಚ್ಚಿ ನೋಡುವುದೇ ಮೇಲು.

ಹಂತ 6: ಬಿಚ್ಚುವ ರೀತಿ

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಕತ್ತರಿ, ಚಾಕು ತಾಗಿಸಬೇಡಿ. ಕಾಗದದ ಉದ್ದದ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬೆರಳಲ್ಲೇ ನಿಧಾನವಾಗಿ ಬಿಡಿಸಿ. ಮೇಜಿನ ಅಂಚಿಗೆ ಕುಟ್ಟಿ ಒಡೆಯುವುದು, ರಾಶಿಯಾಗಿ ಸುರಿಯುವುದು ಬೇಡ. ಹೊಸ ನಾಣ್ಯಕ್ಕೆ ಇನ್ನೊಂದು ನಾಣ್ಯ ಬಡಿದರೂ ಗಾಯವಾಗುತ್ತದೆ. ಗವಸು ಹಾಕಿಕೊಂಡು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಬೆವರು ತಾಮ್ರದ ಮೇಲೆ ಬಿದ್ದರೆ ಕೆಲವು ತಿಂಗಳಲ್ಲಿ ಬೆರಳಚ್ಚು ಕಪ್ಪಾಗಿ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಹನಿಯೂ ಕಲೆಯಾಗುತ್ತದೆ. ಕಾಗದ ಎಸೆಯಬೇಡಿ.

ಹಂತ 7: ಇಸವಿ ಮತ್ತು ಟಂಕಸಾಲೆ ಗುರುತು

ಇಸವಿಯ ಜೊತೆ ಒಂದು ಚಿಕ್ಕ ಅಕ್ಷರ ಇರುತ್ತದೆ. ಡಿ ಅಂದರೆ ಡೆನ್ವರ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ. ಅಕ್ಷರ ಇಲ್ಲದಿದ್ದರೆ ಹೆಚ್ಚಾಗಿ ಫಿಲಡೆಲ್ಫಿಯಾ. ಪೆನ್ನಿಯಲ್ಲಿ ಇದು ಇಸವಿಯ ಕೆಳಗಿದೆ. 1964ರವರೆಗಿನ ನಿಕಲ್‌ನಲ್ಲಿ ಹಿಂಬದಿಯ ಕಟ್ಟಡದ ಬಲಕ್ಕೆ. ಯುದ್ಧಕಾಲದ ಬೆಳ್ಳಿ ನಿಕಲ್‌ನಲ್ಲಿ ಮಾತ್ರ ಅದೇ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಇದೆ. ಹಂತ 3ರಲ್ಲಿ ತಕ್ಕಡಿ ಹೇಳದೆ ಬಿಟ್ಟದ್ದನ್ನು ಈ ಅಕ್ಷರ ಹೇಳುತ್ತದೆ.

1909ರಿಂದ 1958ರವರೆಗಿನ ಪೆನ್ನಿಯ ಹಿಂದೆ ಎರಡು ಗೋಧಿ ತೆನೆ ಇವೆ. ಇದನ್ನು ವೀಟ್ ಪೆನ್ನಿ ಅನ್ನುತ್ತಾರೆ. ಹೆಚ್ಚಿನವು ಕೆಲವೇ ಸೆಂಟ್ ಬಾಳುತ್ತವೆ. ಬೇರೆಯಾಗಿ ಎತ್ತಿಡಬೇಕಾದವು: 1909ರ ಎಸ್, ಹಿಂಬದಿಯಲ್ಲಿ ವಿನ್ಯಾಸಗಾರ ವಿಕ್ಟರ್ ಡೇವಿಡ್ ಬ್ರೆನರ್ ಅವರ ವಿಡಿಬಿ ಅಕ್ಷರ ಇರುವುದು. ಇದನ್ನು ಅಚ್ಚು ಹಾಕಿದ್ದೇ 4,84,000. ಆಮೇಲೆ 1914ರ ಡಿ, 1931ರ ಎಸ್. 1955 ಮತ್ತು 1972ರ ಪೆನ್ನಿಗಳಲ್ಲಿ ಅಕ್ಷರ, ಅಂಕಿ ಎರಡೆರಡಾಗಿ ಬಿದ್ದವು ಇವೆ. ಬರಿಗಣ್ಣಿಗೇ ಕಾಣುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ರೋಲ್ ಕೊಳ್ಳುವವರಿಗೆ ಇದು ಬಹಳ ಮುಖ್ಯ. 1931ರ ಎಸ್ ಪೆನ್ನಿ ಅಚ್ಚಾಗಿದ್ದು 8,66,000. 1914ರ ಡಿ ಅಚ್ಚಾಗಿದ್ದು ಸುಮಾರು 12 ಲಕ್ಷ. ಹಾಗಾದರೆ 1931ರದ್ದಕ್ಕೇ ಬೆಲೆ ಜಾಸ್ತಿ ಇರಬೇಕಲ್ಲ? ಹೊಸದರ ಹಾಗೆ ಹೊಳೆಯುವ ನಾಣ್ಯದಲ್ಲಿ ಉಲ್ಟಾ, 1914ರ ಡಿ ಎಷ್ಟೋ ಪಟ್ಟು ದುಬಾರಿ. ಯಾಕೆಂದರೆ 1931ರ ನಾಣ್ಯ ಕಡಿಮೆ ಅಂತ ಆಗಲೇ ಗೊತ್ತಾಗಿ ಜನ ರೋಲ್‌ಗಟ್ಟಲೆ ತೆಗೆದಿಟ್ಟರು. 1914ರಲ್ಲಿ ಯಾರೂ ತೆಗೆದಿಡಲಿಲ್ಲ, ಎಲ್ಲ ಖರ್ಚಾಗಿ ಸವೆದುಹೋದವು. 1950ರ ಡಿ ನಿಕಲ್‌ನದ್ದೂ ಇದೇ ಕಥೆ. ಅಚ್ಚಾಗಿದ್ದು ಬರೀ 26 ಲಕ್ಷ ಅಂತ ಸುದ್ದಿಯಾಗಿ ಜನ ಮುಗಿಬಿದ್ದು ಕೂಡಿಟ್ಟರು. 1960ರ ದಶಕದ ಮೊದಲಲ್ಲಿ 2 ಡಾಲರ್ ಮುಖಬೆಲೆಯ ರೋಲ್ ಸಾವಿರ ಡಾಲರ್ ದಾಟಿತು. ಆಮೇಲೆ ಮಾರುವವರೇ ಜಾಸ್ತಿಯಾಗಿ ಕುಸಿಯಿತು. ಇವತ್ತು ಹೊಸದರ ಹಾಗಿರುವ 1950ರ ಡಿ ನಿಕಲ್ ಹುಡುಕುವುದು ಕಷ್ಟವಲ್ಲ, ಸವೆದದ್ದೇ ಕಡಿಮೆ. ಹಾಗಾಗಿ ರೋಲ್ ನೋಡಿದಾಗ ಎಷ್ಟು ಅಚ್ಚಾಯಿತು ಅಂತ ಕೇಳಿದರೆ ಸಾಲದು, ಎಷ್ಟು ಜನ ಕೂಡಿಟ್ಟರು ಅಂತಲೂ ಕೇಳಿ.

ಹೊಸ ಕ್ವಾರ್ಟರ್ ರೋಲ್ ನೋಡುವವರಿಗೆ ಒಂದು ಸಣ್ಣ ಖುಷಿ. 2019 ಮತ್ತು 2020ರಲ್ಲಿ ವೆಸ್ಟ್ ಪಾಯಿಂಟ್ ಟಂಕಸಾಲೆಯಿಂದ ಡಬ್ಲ್ಯೂ ಅಕ್ಷರದ ಕ್ವಾರ್ಟರ್‌ಗಳನ್ನು, ಒಂದೊಂದು ವಿನ್ಯಾಸದಲ್ಲಿ 20 ಲಕ್ಷದಂತೆ, ನೇರ ಚಲಾವಣೆಗೆ ಬಿಟ್ಟರು. ಇವತ್ತಿಗೂ ಬ್ಯಾಂಕಿನ ರೋಲ್‌ನಲ್ಲಿ ಸಿಗಬಹುದು.

ಹಂತ 8: ಸ್ಥಿತಿ ಅಳೆಯಿರಿ

ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಹೇಳುತ್ತಾರೆ. ಇದು ಶೆಲ್ಡನ್ ಮಾಪಕ. 60 ಮತ್ತು ಮೇಲಿನದಕ್ಕೆ ಎಂಎಸ್ ಅಂತ ಸೇರಿಸುತ್ತಾರೆ, ಅಂದರೆ ಚಲಾವಣೆಗೆ ಹೋಗಿಯೇ ಇಲ್ಲ. ಮಾರುವವರು ಬಳಸುವ ಬಿಯು ಅನ್ನುವ ಮಾತಿಗೂ ಅರ್ಥ ಹೆಚ್ಚುಕಮ್ಮಿ ಇಷ್ಟೇ: ಹೊಳಪು ಉಳಿದಿರುವ, ಬಳಸದ ನಾಣ್ಯ.

ಲ್ಯಾಂಪ್ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓಲಾಡಿಸಿ. ಬಳಸದ ನಾಣ್ಯದ ಮೇಲೆ ಬೆಳಕಿನ ಗೆರೆಗಳು ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತವೆ. ಸವೆದದ್ದರಲ್ಲಿ ಆ ಸುತ್ತು ಎತ್ತರದ ಜಾಗಗಳಲ್ಲಿ ಮುರಿಯುತ್ತದೆ. ಲಿಂಕನ್ ಕೆನ್ನೆ ಮತ್ತು ದವಡೆ, ಗೋಧಿ ತೆನೆಯ ಗೆರೆಗಳು, ವಾಷಿಂಗ್ಟನ್ ಕಿವಿಯ ಮೇಲಿನ ಕೂದಲು, ಇಂಥ ಕಡೆ ಮಂಕಾಗಿದ್ದರೆ ಬಳಕೆಯಾಗಿದೆ. ನಿಕಲ್‌ನ ಹಿಂಬದಿಯಲ್ಲಿ ಕಟ್ಟಡದ ಮೆಟ್ಟಿಲು ಎಣಿಸಿ. ಐದೋ ಆರೋ ಮೆಟ್ಟಿಲು ಕಡಿಯದೆ ಕಂಡರೆ ಫುಲ್ ಸ್ಟೆಪ್ಸ್, ಬೆಲೆ ಬಹಳ ಹೆಚ್ಚುತ್ತದೆ. ತಾಮ್ರದಲ್ಲಿ ಬಣ್ಣಕ್ಕೆ ಬೆಲೆ: ಮೂಲ ಕೆಂಪು ಉಳಿದದ್ದು ಮೊದಲು, ಕೆಂಪು-ಕಂದು ಆಮೇಲೆ, ಪೂರ್ತಿ ಕಂದು ಕೊನೆಗೆ.

ರೋಲ್‌ಗೇ ವಿಶೇಷವಾದ ಗಾಯಗಳೂ ಇವೆ. ತುದಿಯ ನಾಣ್ಯದ ಮೇಲೆ ಕೈವಾರದಿಂದ ಎಳೆದ ಹಾಗೆ ದುಂಡಗೆ ಗೀರು ಇದ್ದರೆ ಅದು ಕಾಗದ ಮಡಚುವ ಯಂತ್ರದ್ದು. ಇದನ್ನು ಅಪರೂಪದ ಅಚ್ಚಿನ ತಪ್ಪು ಅಂತ ತಿಳಿದು ಫೋಟೋ ಕಳಿಸುವವರು ಬಹಳ ಜನ. ಅದು ಬರೀ ಹಾನಿ. ಎಣಿಸುವ ಯಂತ್ರದ ರಬ್ಬರ್ ಚಕ್ರ ಉಜ್ಜಿದ ಒತ್ತೊತ್ತಾದ ಗೆರೆಗಳೂ ಹಾಗೇ. 1982ರ ನಂತರದ ಪೆನ್ನಿ ರೋಲ್ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ಸತು ಕೊಳೆಯುತ್ತಿದೆ, ಅದನ್ನು ಉಳಿದವುಗಳಿಂದ ದೂರ ಇಡಿ. ತಾಮ್ರದ ಮೇಲೆ ಗಟ್ಟಿ ಹಸಿರು ಕಂಡರೆ ಕಿಲುಬು. ಅಂಟಂಟಾದ ಹಸಿರು ಕಂಡರೆ ಹಳೆಯ ಮೆತ್ತನೆಯ ಪ್ಲಾಸ್ಟಿಕ್‌ನ ಪಿವಿಸಿ ಬಿಟ್ಟ ರಸ.

ಈಗ ಹುಣಸೆಹಣ್ಣಿನ ಮಾತು. ದೇವರ ಮನೆಯ ತಾಮ್ರದ ಚೊಂಬನ್ನು ಫಳಫಳ ಮಾಡುವುದು ನಮ್ಮ ಕೈಗೆ ಅಭ್ಯಾಸ. ನಾಣ್ಯಕ್ಕೆ ಅದೇ ಮಾಡಿದರೆ ಮೇಲಿನ ಪದರ ಹೋಗಿ, ಬೆಳಕು ಸುತ್ತುವುದು ನಿಂತುಹೋಗುತ್ತದೆ. ಅನುಭವ ಇರುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಬೆಲೆ ಅಲ್ಲೇ ಬೀಳುತ್ತದೆ. ಕಪ್ಪಾಗಿದ್ದರೂ ಹಾಗೇ ಬಿಡಿ. ಪಿವಿಸಿ ಅಂಟಿಗೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯುವ ಪದ್ಧತಿ ಇದೆ. ಉಜ್ಜುವಂತಿಲ್ಲ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪದಿಂದ ದೂರ, ಕಿಟಕಿ ತೆರೆದು ಮಾಡಿ.

ಹಂತ 9: ಬೆಲೆ ಲೆಕ್ಕ

ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಮುಖಬೆಲೆ, ಇದಕ್ಕಿಂತ ಕೆಳಗೆ ಬೀಳುವುದಿಲ್ಲ. ಆಮೇಲೆ ಲೋಹದ ಬೆಲೆ. 90 ಭಾಗ ಬೆಳ್ಳಿಯ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಿಗೆ ಪ್ರತಿ ಒಂದು ಡಾಲರ್ ಮುಖಬೆಲೆಗೆ 0.715 ಟ್ರಾಯ್ ಔನ್ಸ್ ಬೆಳ್ಳಿ ಅಂತ ಮಾರುಕಟ್ಟೆ ಎಣಿಸುತ್ತದೆ. ಸವೆತ ಕಳೆದ ಲೆಕ್ಕ ಇದು. ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ. ಒಂದು ಕ್ವಾರ್ಟರ್ ರೋಲ್‌ನ ಮುಖಬೆಲೆ 10 ಡಾಲರ್, ಹಾಗಾಗಿ 7.15 ಔನ್ಸ್. ಬೆಳ್ಳಿ ಔನ್ಸ್‌ಗೆ 30 ಡಾಲರ್ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ 214.50 ಡಾಲರ್. ನೀವು ಮಾರುವ ದಿನದ ದರ ಹಾಕಿಕೊಳ್ಳಿ. ಡೀಲರ್ ಇದಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತಾರೆ, ಅದು ಅವರ ಜೀವನ. ಯುದ್ಧಕಾಲದ ನಿಕಲ್ ರೋಲ್‌ನಲ್ಲಿ ಸುಮಾರು 2.25 ಔನ್ಸ್ ಬೆಳ್ಳಿ ಇದೆ.

ಮೂರನೆಯದು ಸಂಗ್ರಾಹಕರ ಬೆಲೆ. ಮಾರಾಟಕ್ಕೆ ಇಟ್ಟ ಬೆಲೆಯನ್ನು ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳ ಬೆಲೆಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಅಲ್ಲಿ ಎಂಎಸ್ 67 ಅಂತ ಇರುವ ಬೆಲೆಯನ್ನು ನಿಮ್ಮ ಐವತ್ತೂ ನಾಣ್ಯಕ್ಕೆ ಗುಣಿಸಬೇಡಿ. ಹೊಸ ರೋಲ್‌ನಲ್ಲಿ ಹೆಚ್ಚಿನವು 63, 64ರ ಆಸುಪಾಸು ಇರುತ್ತವೆ. ಈ ಸಂಸ್ಥೆಗಳು ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಒಂದಕ್ಕೆ ಹತ್ತಾರು ಡಾಲರ್ ಖರ್ಚು. ಖರ್ಚು ಕಳೆದು ಲಾಭ ಉಳಿಯುವ ಒಂದೆರಡನ್ನು ಮಾತ್ರ ಕಳಿಸಿ.

ಹಂತ 10: ಇಡುವುದು, ಮಾರುವುದು, ಊರಿಗೆ ಒಯ್ಯುವುದು

ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಕೊಳವೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಒಣಗಿದ ತಣ್ಣನೆಯ ಕಡೆ ಇಡಿ. ಬೇಸ್‌ಮೆಂಟ್ ಬೇಡ, ತೇವ ಇರುತ್ತದೆ. ಮಾರುವಾಗ ಕಡೇಪಕ್ಷ ಇಬ್ಬರು ಡೀಲರ್ ಹತ್ತಿರ ಬೆಲೆ ಕೇಳಿ. ಅಮೆರಿಕದಲ್ಲಿ ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಸಂಗ್ರಹದ ವಸ್ತುವಿನ ಲಾಭಕ್ಕೆ ಕೇಂದ್ರ ತೆರಿಗೆ ಗರಿಷ್ಠ 28 ಪರ್ಸೆಂಟ್‌ವರೆಗೆ ಇರಬಹುದು, ಹಾಗಾಗಿ ಕೊಂಡ ರಸೀದಿ ಇಟ್ಟುಕೊಳ್ಳಿ.

ತಾಮ್ರದ ಪೆನ್ನಿಯನ್ನು ಕರಗಿಸಿ ಮಾರಬಹುದಾ ಅಂತ ಕೇಳುವವರೂ ಇದ್ದಾರೆ. ಬೇಡ. ಪೆನ್ನಿ ಮತ್ತು ನಿಕಲ್ ಕರಗಿಸುವುದನ್ನು, ಹೊರದೇಶಕ್ಕೆ ರಾಶಿಯಾಗಿ ಸಾಗಿಸುವುದನ್ನು 2006ರ ಡಿಸೆಂಬರ್‌ನಿಂದ ಅಮೆರಿಕ ನಿಷೇಧಿಸಿದೆ. ತಪ್ಪಿದರೆ 10,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಯುದ್ಧಕಾಲದ ಬೆಳ್ಳಿ ನಿಕಲ್‌ಗೆ ಈ ನಿಷೇಧ ಇಲ್ಲ. ಊರಿಗೆ ಹೋಗುವಾಗ ಮೈಮೇಲೆ 5 ಡಾಲರ್ ಮುಖಬೆಲೆಯಷ್ಟು ಪೆನ್ನಿ, ನಿಕಲ್ ಒಯ್ಯಲು ಅಡ್ಡಿಯಿಲ್ಲ. ಅಂದರೆ ಹತ್ತು ಪೆನ್ನಿ ರೋಲ್. ಅಣ್ಣನ ಮಕ್ಕಳಿಗೆ ಹಂಚಲು ಅಷ್ಟು ಸಾಕು. ಕೈಚೀಲದಲ್ಲಿ ಮೇಲೇ ಇಡಿ, ತಪಾಸಣೆಯಲ್ಲಿ ಲೋಹದ ಗಟ್ಟಿಯ ಹಾಗೆ ಕಂಡು ತೆಗೆದು ತೋರಿಸಿ ಅನ್ನುವುದು ಖಂಡಿತ.